ಗೆರೆ ದಾಟಿದವಳು

“ಎಲ್ಲಿದೆ ಬಾಗಿಲು?” ಎಂದ ಸೋಪಿನ ತಾತ.

ನಿಧಾನಪ್ಪನವರು ಬೆರಳು ತೋರಿದರು. ನಡುಗೋಡೆಯಲ್ಲಿ, ಒಗೆಯುವ ಯಂತ್ರಗಳ ಸಾಲು ಮುಗಿಯುವಲ್ಲಿ, ಒಬ್ಬಾಳು ತಲೆ ತಗ್ಗಿಸದೆ ದಾಟಬಹುದಾದ ಬಾಗಿಲು. ಕದ ಗೋಡೆಗೆ ಒರಗಿತ್ತು. ಹೊಸ್ತಿಲ ಜಾಗದಲ್ಲಿ ನೆಲಕ್ಕೆ ಕೆಂಪು ಬಣ್ಣದ ಗೆರೆ ಎಳೆದಿದ್ದರು.

“ನಿಮ್ಮ ಬುತ್ತಿ ಡಬ್ಬಿ ಆ ಕಡೆ ಹಲಗೆ ಮೇಲಿತ್ತು. ಇಲ್ಲಿಂದಲೇ ಕಾಣುತ್ತೆ. ಹೀಗೆ ಹೋಗಿ ಹಾಗೆ ತರಬಹುದಿತ್ತಲ್ಲ? ಈ ಬಿಸಿಲಲ್ಲಿ, ಈ ಮಂಡಿ ಇಟ್ಕೊಂಡು, ಅಂಗಳ ಎಲ್ಲ ಯಾಕೆ ಸುತ್ತಿದ್ರಿ?”

ತಾತ ಎರಡು ಡಬ್ಬಿ ಎದೆಗೆ ಒತ್ತಿಕೊಂಡು ನಿಂತಿದ್ದ. ಒಂದು ಅವನದು, ಇನ್ನೊಂದು ಹೆಂಡತಿಯದು. ಬಾಗಿಲ ಕಡೆ ತಿರುಗಿ, ಗೋಡೆ ನೋಡುವವನ ಹಾಗೆ ನೋಡಿದ.

“ಅದು ಬಾಗಿಲಲ್ಲ ಸ್ವಾಮಿ. ಅದು ಚೊಕ್ಕ ಕಡೆ.”

ಹೋದ ವಾರ, ಇಲ್ಲಿ ನೀರು ಕಾಯಿಸುವ ಕೆಲಸದ ಬಾಯ್ಲರ್‌ನವನು ಬಂದೂಕು ಹಿಡಿದು ಒಳಗೆ ಬಂದು, ಒಂಬತ್ತು ಜನರನ್ನು ಕೊಂದು, ಕೊನೆಗೆ ತನ್ನನ್ನೂ ಕೊಂದುಕೊಂಡದ್ದು ಇದೇ ಶೆಡ್ಡಿನಲ್ಲಿ. ಒಂಬತ್ತೂ ಜನ ಬಿದ್ದಿದ್ದು ಒಂದೇ ಕಡೆ, ಅಂಗಳಕ್ಕೆ ತೆರೆಯುವ ದೊಡ್ಡ ಬಾಗಿಲ ಬುಡದಲ್ಲಿ. ಆ ಬಾಗಿಲಿಗೆ ಅಂದು ಹೊರಗಿನಿಂದ ಚಿಲಕ ಬಿದ್ದಿತ್ತು.

ಸುತ್ತಲ ಆಸ್ಪತ್ರೆಗಳ ಬಟ್ಟೆಯೆಲ್ಲ ಒಗೆಯಲು ಬರುತ್ತಿದ್ದದ್ದು ಇಲ್ಲಿಗೆ. ರಕ್ತ, ಕೀವು ಹತ್ತಿದ ಹಾಸು ಹೊದಿಕೆಯ ಮೂಟೆಗಳು ಈಚೆ ಇಳಿಯುತ್ತವೆ. ಇದು ಕೊಳೆ ಕಡೆ. ಗೋಡೆಯಲ್ಲಿ ಹುದುಗಿಸಿದ ಯಂತ್ರಗಳಿಗೆ ಈಚೆಯಿಂದ ತುಂಬಿದರೆ, ಒಗೆದದ್ದನ್ನು ಆಚೆಯಿಂದ ತೆಗೆಯಬೇಕು. ಅದು ಚೊಕ್ಕ ಕಡೆ. ಈಚೆಯವರು ಆಚೆ ಕಾಲಿಡುವ ಹಾಗಿಲ್ಲ. ಇಡಲೇಬೇಕೆಂದರೆ ದೊಡ್ಡ ಬಾಗಿಲಿಂದ ಅಂಗಳಕ್ಕೆ ಹೋಗಿ, ಕೈಕಾಲು ತೊಳೆದು, ಮೇಲಂಗಿ ಬದಲಿಸಿ, ಮುಂದುಗಡೆಯಿಂದ ಒಳಗೆ ಬರಬೇಕು. ಹಿಂದೊಮ್ಮೆ ಯಾರೋ ಅವಸರಕ್ಕೆ ಗೆರೆ ದಾಟಿ, ಕೊಳೆ ಕೈಯಲ್ಲಿ ಮಡಿಸಿಟ್ಟ ಬಟ್ಟೆ ಮುಟ್ಟಿದ್ದಕ್ಕೆ ಹೆರಿಗೆ ಆಸ್ಪತ್ರೆಯ ಎಳೆಗೂಸುಗಳಿಗೆ ಸೋಂಕು ತಗುಲಿತ್ತು. ಅಲ್ಲಿಂದಾಚೆಗೆ ಗೆರೆ ಎಂದರೆ ಗೆರೆ. ದಾಟಿದವರು ಅವತ್ತೇ ಮನೆಗೆ.

ಯಾರ ಹೆಜ್ಜೆ ಅದರ ಹತ್ತಿರ ಸುಳಿದರೂ ಯಂತ್ರಗಳ ಗದ್ದಲ ಸೀಳಿಕೊಂಡು ಮೇಲ್ವಿಚಾರಕಿ ದೊಡ್ಡಕ್ಕನ ಗಂಟಲು ಬರುತ್ತಿತ್ತು: “ಗೆರೆ!” ಅಷ್ಟೇ, ಒಂದೇ ಮಾತು. ಶೆಡ್ಡಿನ ಬೆಕ್ಕು ಕೂಡ ಅಂಗಳ ಸುತ್ತಿಯೇ ಹೋಗುತ್ತದೆ ಎಂದು ಕೆಲಸದವರು ನಗಾಡುತ್ತಿದ್ದರಂತೆ.

ಈಗ ಯಂತ್ರಗಳು ತಣ್ಣಗೆ ಮಲಗಿವೆ. ಕೂಗುವವರಿಲ್ಲ. ಪೊಲೀಸರು ಇವತ್ತಷ್ಟೇ ಬೀಗ ತೆಗೆದು, ನಿಮ್ಮ ನಿಮ್ಮ ಸಾಮಾನು ಒಯ್ಯಿರಿ ಎಂದಿದ್ದರು. ನಿಧಾನಪ್ಪನವರು ಬೆಳಿಗ್ಗೆಯಿಂದ ಬಟ್ಟೆ ತೊಟ್ಟಿಯೊಂದನ್ನು ಮಗುಚಿ ಹಾಕಿ ಅದರ ಮೇಲೆ ಕೂತು, ಬರುವವರನ್ನೂ ಹೋಗುವವರನ್ನೂ ನೋಡುತ್ತಿದ್ದರು. ಅವತ್ತು ಆ ಹೊತ್ತಿಗೆ ಶೆಡ್ಡಿನಲ್ಲಿರದ ಕೊಳೆ ಕಡೆಯವರು ಒಬ್ಬರಾದ ಮೇಲೆ ಒಬ್ಬರು ಬಂದರು. ಚಪ್ಪಲಿ, ಛತ್ರಿ, ಡಬ್ಬಿ ಎಲ್ಲ ಆಚೆ ಕಡೆಯ ಹಲಗೆಯ ಮೇಲಿದ್ದವು. ಒಬ್ಬರಾದರೂ ಗೆರೆ ದಾಟಲಿಲ್ಲ. ಅಳುತ್ತ ಬಂದವರು ಅಳುತ್ತಲೇ ಅಂಗಳ ಸುತ್ತಿ ಹೋದರು.

“ತಾತ, ನಿಮ್ಮನೆಯವರು ಅವತ್ತು ಎಲ್ಲಿ ನಿಂತು ಕೆಲಸ ಮಾಡ್ತಿದ್ರು?”

“ಇಲ್ಲೇ. ಬಟ್ಟೆ ವಿಂಗಡಿಸೋ ಮೇಜು. ಇದೇ.”

ಆ ಮೇಜಿನ ಪಕ್ಕ ನಿಂತು ಕೈ ಚಾಚಿದರೆ ಗೆರೆಯ ಆಚೆಗೆ ಬೆರಳು ಹೋಗುತ್ತಿತ್ತು. ತಾತ ಮೇಜಿನ ಅಂಚು ಸವರಿದ. ಆಮೇಲೆ ಬಾಗಿಲ ಕಡೆ ನೋಡಿದ. ಆಮೇಲೆ ಶೆಡ್ಡಿನ ಆ ತುದಿಗೆ, ದೊಡ್ಡ ಬಾಗಿಲ ಕಡೆಗೆ. ಇನ್ನೊಮ್ಮೆ ಇತ್ತ.

ಕೇಳಬಾರದಿತ್ತು ಎಂದು ನಿಧಾನಪ್ಪನವರಿಗೆ ಆಗಲೇ ಅನಿಸಿತು. ಆದರೆ ಮಾತು ಬಾಯಿಂದ ಬಿದ್ದಾಗಿತ್ತು.

“ಇಲ್ಲಿದ್ದವಳು ಅಲ್ಲಿಗೆ ಓಡಿದ್ಳಾ?” ಎಂದ ತಾತ. “ಅವಳಿಗೆ ನಡೆಯೋಕೇ ಆಗ್ತಿರಲಿಲ್ಲ ಸ್ವಾಮಿ. ನನ್ನ ಭುಜ ಹಿಡ್ಕೊಂಡೇ ಕೆಲಸಕ್ಕೆ ಬರ್ತಿದ್ಳು. ನಾನು ಅವತ್ತು ವ್ಯಾನಲ್ಲಿ ಸೋಪಿನ ಮೂಟೆ ತರೋಕೆ ಹೋಗಿದ್ದೆ. ಭುಜ ಇರಲಿಲ್ಲ. ಅಷ್ಟುದ್ದ ಹೇಗೆ ಓಡಿದ್ಳೋ…”

ಡಬ್ಬಿಯೊಳಗೆ ಚಮಚ ಸಣ್ಣಗೆ ಸದ್ದು ಮಾಡುತ್ತಿತ್ತು.

“ಹತ್ತಿರದಲ್ಲೇ ಬಾಗಿಲಿತ್ತಲ್ಲ ತಾತ.”

“ಇತ್ತು. ಈಗ ನೀವು ತೋರಿಸಿದ್ಮೇಲೆ ಇತ್ತು.” ತಾತ ಕಣ್ಣೊರೆಸಿಕೊಳ್ಳಲಿಲ್ಲ. “ಆದ್ರೆ ಒಂದು ಮಾತು. ನಾನು ಇದ್ದಿದ್ರೂ ಅವಳ ಕೈ ಹಿಡ್ಕೊಂಡು ಅಲ್ಲಿಗೇ ಓಡ್ತಿದ್ದೆ.”

ಇಷ್ಟು ದಿನ ಹುಡುಕುತ್ತಿದ್ದ ಮಾತು ಅದು. ಸಿಕ್ಕಾಗ ನಿಧಾನಪ್ಪನವರಿಗೆ ಎದೆ ಭಾರವಾಯಿತೇ ಹೊರತು ಹಗುರಾಗಲಿಲ್ಲ.

ತಾತ ಎರಡೂ ಡಬ್ಬಿ ಹಿಡಿದು ಹೊರಟ. ಮನೆಗೆ ಹೋಗುವ ದಾರಿ ಚೊಕ್ಕ ಕಡೆಯಿಂದಲೇ ಹತ್ತಿರ. ಅವನು ಅಂಗಳ ಸುತ್ತಿ ಹೋದ.

*

ನಿಧಾನಪ್ಪ ಎನ್ನುವುದು ಅವರ ಹೆಸರಲ್ಲ. ಪತ್ತೇದಾರಿ ವಿಭಾಗದಲ್ಲಿದ್ದಾಗ ಕೈಕೆಳಗಿನವರು ಇಟ್ಟದ್ದು. ಒಂದು ಮೊಕದ್ದಮೆ ಅವರ ಮೇಜಿಗೆ ಬಂದರೆ ಮೊಟ್ಟೆಯಿಟ್ಟು ಮರಿ ಮಾಡಿದ ಮೇಲೇ ಏಳುತ್ತದೆ ಎಂದು ಆಡಿಕೊಳ್ಳುತ್ತಿದ್ದರು. ನಿವೃತ್ತರಾದ ಮೇಲೆ ಹಳೇ ಹೆಸರು ಮರೆತು, ಮನೆಗೆ ಹಾಲು ಹಾಕುವವನೂ ನಿಧಾನಪ್ಪನವರೇ ಎನ್ನತೊಡಗಿದ್ದ.

ಈ ಸಲ ಮಾತ್ರ ನಿಧಾನಕ್ಕೆ ಜಾಗವಿರಲಿಲ್ಲ. ಈಗ ತನಿಖೆ ಮಾಡುತ್ತಿರುವ ಇನ್ಸ್‌ಪೆಕ್ಟರ್, ಒಂದು ಕಾಲಕ್ಕೆ ಅವರ ಕೈಯಲ್ಲೇ ಪಳಗಿದವನು, ಬೆಳಿಗ್ಗೆ ಫೋನ್ ಮಾಡಿದ್ದ.

“ಸಾರ್, ಮೇಲಿಂದ ಒಂದೇ ಸಮ ಒತ್ತಡ. ಇವತ್ತು ಸಂಜೆ ಟೀವಿ ಚರ್ಚೆ ಮುಗಿಯೋದ್ರೊಳಗೆ ಆ ಹೊಸಬಳನ್ನ ಒಳಗೆ ಹಾಕಿ ಅಂತಿದಾರೆ. ನಿಮ್ಮ ಹತ್ರ ಏನಾದ್ರೂ ಇದ್ರೆ ಅಷ್ಟರೊಳಗೆ ಕೊಡಿ.”

“ಟೀವಿ ಚರ್ಚೆಗೂ ನಿನ್ನ ಬೇಡಿಗೂ ಏನಪ್ಪಾ ಸಂಬಂಧ?”

“ನೀವಿದ್ದಾಗ ಇರಲಿಲ್ಲ ಸಾರ್. ಈಗ ಇದೆ.”

ಹೊಸಬಳು ಎಂದರೆ, ಕೊಳೆ ಕಡೆಯಲ್ಲಿ ಇದ್ದವರ ಪೈಕಿ ಬದುಕುಳಿದ ಒಬ್ಬಳೇ ಹೆಂಗಸು. ಗಂಡ ಸತ್ತವಳು. ಗಂಡನಿಗೆ ಸ್ನೇಹಿತನಾಗಿದ್ದ ಬಾಯ್ಲರ್‌ನವನೇ ಹೇಳಿ ಅವಳಿಗೆ ಈ ಕೆಲಸ ಕೊಡಿಸಿದ್ದ. ಶೆಡ್ಡಿನ ಕ್ಯಾಮೆರಾದಲ್ಲಿ ಎಲ್ಲರೂ ದೊಡ್ಡ ಬಾಗಿಲ ಕಡೆ ಓಡುತ್ತಾರೆ. ಅವಳೊಬ್ಬಳು ಗೆರೆ ದಾಟಿ ಎದುರು ದಿಕ್ಕಿಗೆ ಓಡುತ್ತಾಳೆ. ಟೀವಿಯವರಿಗೆ ಅಷ್ಟು ಸಾಕಾಗಿತ್ತು. ಅವಳ ಸುತ್ತ ಕೆಂಪು ವೃತ್ತ ಹಾಕಿ, ‘ಅವಳೊಬ್ಬಳೇ ಯಾಕೆ?’ ಎಂದು ಕೆಳಗೆ ಬರೆದು, ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಓಡಿಸಿದರು. ಆ ಬಡಪಾಯಿ ಜೀವ ಅವತ್ತಿಂದ ಓಡುತ್ತಲೇ ಇದೆ.

ಬಾಯ್ಲರ್‌ನವನು ಯಾಕೆ ಕೊಂದ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು. ಕೆಲಸದಿಂದ ತೆಗೆಯುತ್ತಾರೆಂಬ ಸಿಟ್ಟು ಎಂದರು ಒಬ್ಬರು. ಅವನು ಯಾವ ಗುಂಪಿನವನು ಅಂತ ಮೊದಲು ಕೇಳಿ ಎಂದರು ಇನ್ನೊಬ್ಬರು. ತಲೆ ಕೆಟ್ಟಿತ್ತು, ಸಿನಿಮಾ ನೋಡಿ ಕೆಟ್ಟ, ಸರ್ಕಾರದ ತಪ್ಪು, ಅವನ ತಾಯಿ ಬೆಳೆಸಿದ ತಪ್ಪು. ಕೊನೆಗೆ ಎಲ್ಲರ ಬಾಯೂ ಬಂದು ನಿಲ್ಲುತ್ತಿದ್ದದ್ದು ಹೊಸಬಳ ಮೇಲೆ. ಪ್ರೇಮ ಎಂದರು, ಒಳಸಂಚು ಎಂದರು. ಅವಳ ಕಿಟಕಿಗೆ ಕಲ್ಲು ಬಿತ್ತು. ಪುಟ್ಟ ಮಗಳನ್ನು ಶಾಲೆ ಬಿಡಿಸಿ ನೆಂಟರ ಮನೆಗೆ ಕಳಿಸಿದರು. ಅವಳ ಅತ್ತೆ ನಿಧಾನಪ್ಪನವರ ಮನೆ ಬಾಗಿಲಿಗೆ ಬಂದು, “ನನ್ನ ಮಗ ಸತ್ತಾಗ್ಲೂ ನಾನು ಯಾರ ಮುಂದೆಯೂ ಕೈ ಚಾಚಿದವಳಲ್ಲ. ಈ ಹುಡುಗೀನ ಉಳಿಸ್ಕೊಡಿ ಅಣ್ಣಾ,” ಎಂದು ಹೊಸ್ತಿಲ ಮೇಲೇ ಕೂತುಬಿಟ್ಟಿದ್ದಳು.

*

ಚಾನೆಲ್ಲಿನ ವ್ಯಾನು ಲಾಂಡ್ರಿಯ ಗೇಟಿಗೆ ಅಂಟಿಕೊಂಡೇ ನಿಂತಿತ್ತು. ಒಳಗೆ ವರದಿಗಾರ್ತಿ ಮಡಿಲಲ್ಲಿ ಬಿಸ್ಕತ್ ಪೊಟ್ಟಣ ಇಟ್ಟುಕೊಂಡು, ಒಂದು ಕಿವಿಗೆ ಫೋನು ಒತ್ತಿಕೊಂಡಿದ್ದಳು. ಚುರುಕು ಹುಡುಗಿ. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು.

“ಬನ್ನಿ ಅಂಕಲ್. ಕೊನೆಗೂ ಬಾಯಿ ಬಿಡೋಕೆ ಬಂದ್ರಾ?”

“ಮೊದಲು ಕಣ್ಣು ಬಿಡೋಕೆ ಬಂದೆ. ಬಾಯಿ ಆಮೇಲೆ. ಶೆಡ್ಡಿನ ಚಿತ್ರ ಪೂರ್ತಿ ಇದೆಯಲ್ಲ ನಿನ್ನ ಹತ್ರ? ಕತ್ತರಿ ಹಾಕದೇ ಇರೋದು. ಅದನ್ನ ತೋರಿಸು.”

“ಊರೆಲ್ಲ ನೋಡಿರೋದೇ ಅದು.”

“ಊರು ನೋಡಿರೋದು ಅವಳೊಬ್ಬಳನ್ನ. ನನಗೆ ಮಿಕ್ಕವರು ಬೇಕು.”

ಅವಳು ಅವರ ಮುಖ ನೋಡಿ, ಪರದೆ ಅವರ ಕಡೆ ತಿರುಗಿಸಿದಳು. ಆ ಚಿತ್ರಕ್ಕೆ ದನಿ ಇರಲಿಲ್ಲ. ಬಾಯ್ಲರ್ ಮನೆಯ ಓಣಿಯಿಂದ ಅವನು ಬರುತ್ತಾನೆ. ಜನ ಚದುರುತ್ತಾರೆ. ನಿಧಾನಪ್ಪನವರು ಅವನನ್ನು ನೋಡಲಿಲ್ಲ. ಕಾಲುಗಳನ್ನು ನೋಡಿದರು.

“ನಿಲ್ಲಿಸು. ಈ ಹುಡುಗಿ ಯಾರು? ಗೆರೆ ತನಕ ಓಡಿ ಬಂದು ತಟ್ಟನೆ ನಿಂತ್ಲು, ನೋಡು. ಗೋಡೆಗೆ ಡಿಕ್ಕಿ ಹೊಡೆದ ಹಾಗೆ. ಆಮೇಲೆ ತಿರುಗಿ ದೊಡ್ಡ ಬಾಗಿಲ ಕಡೆ ಓಡಿದ್ಲು.”

“ದೊಡ್ಡಕ್ಕನ ಮಗಳು.” ವರದಿಗಾರ್ತಿಯ ದನಿ ಇಳಿಯಿತು. “ಅದಕ್ಕೇ ದೊಡ್ಡಕ್ಕ ದಿನಾ ನಮ್ಮ ಸ್ಟುಡಿಯೋಕ್ಕೆ ಬಂದು ಅಳ್ತಾರೆ. ಹೊಸಬಳನ್ನ ಗಲ್ಲಿಗೆ ಹಾಕಿ ಅಂತಾರೆ. ಪಾಪ.”

“ಈ ಹುಡುಗಿ ಯಾಕೆ ನಿಂತ್ಲು?”

“ಹೆದರಿ.”

“ಹೆದರಿದ ಕಾಲು ನಿಲ್ಲಲ್ಲ ತಾಯಿ. ಇವಳನ್ನ ನಿಲ್ಲಿಸಿದ್ದು ಭಯ ಅಲ್ಲ, ಅಭ್ಯಾಸ.”

ಬೆಳಿಗ್ಗೆಯಿಂದ ಕಂಡದ್ದನ್ನು ಅವರು ಹೇಳಿದರು. ಡಬ್ಬಿ, ಚಪ್ಪಲಿ, ಛತ್ರಿ, ತಾತನ ಮಂಡಿ. ತಾತ ಕೊನೆಗೆ ಹೇಳಿದ ಮಾತನ್ನೂ ಹೇಳಿದರು. ವರದಿಗಾರ್ತಿ ಬಿಸ್ಕತ್ತನ್ನು ಬಾಯಿಗೆ ಒಯ್ಯುವವಳು ಹಾಗೇ ಹಿಡಿದುಕೊಂಡಿದ್ದಳು.

“ಆದ್ರೆ ಹೊಸಬಳು ದಾಟಿದ್ಲಲ್ಲ ಅಂಕಲ್? ಅವಳಿಗಿಲ್ವಾ ಅಭ್ಯಾಸ?”

“ಅವಳು ಕೆಲಸಕ್ಕೆ ಸೇರಿದ್ದು ಯಾವಾಗ?”

“ಅದೇ ವಾರ. ಅದೇ ಅಲ್ವಾ ನಾವು ಕೇಳ್ತಿರೋದು? ಸೇರಿದ ವಾರದಲ್ಲೇ ಹೀಗಾಗುತ್ತೆ ಅಂದ್ರೆ…”

ಮಾತು ಅಲ್ಲೇ ನಿಂತಿತು. ನಿಧಾನಪ್ಪನವರು ಕಾದರು. ಕಾಯುವುದು ಅವರಿಗೆ ಹೊಸದಲ್ಲ.

“ಅಯ್ಯೋ,” ಎಂದಳು ಅವಳು, ತನಗೇ ಎಂಬಂತೆ. “ಅವಳಿಗೆ ಇನ್ನೂ ಕಲಿತಾಗಿರಲಿಲ್ಲ.”

“ಕಲಿತವರೆಲ್ಲ ಸತ್ರು. ಕಲಿಯದವಳಿಗೆ ಬಾಗಿಲು ಬಾಗಿಲ ಹಾಗೇ ಕಾಣ್ತು. ಇಷ್ಟೇ ಅವಳ ಅಪರಾಧ.”

ವರದಿಗಾರ್ತಿ ತಲೆ ಕೊಡವಿದಳು. ಒಳಗೆ ಏನೋ ಕರಗುತ್ತಿದ್ದದ್ದನ್ನು ಎಳೆದು ನಿಲ್ಲಿಸಿದ ಹಾಗೆ.

“ಇದನ್ನ ನನ್ನ ಸಂಪಾದಕರಿಗೆ ಹೇಳಿದ್ರೆ ಏನಂತಾರೆ ಗೊತ್ತಾ? ‘ಅವನು ಯಾಕೆ ಕೊಂದ ಅಂತ ಜನ ಕೇಳ್ತಿದಾರೆ, ನೀನು ಚಪ್ಪಲಿ ಕಥೆ ಹೇಳ್ತೀಯಾ?’ ಅಂತಾರೆ.”

“ಅವನು ಯಾಕೆ ಕೊಂದ ಅಂತ ನನಗೆ ಗೊತ್ತಿಲ್ಲ. ನಿಮ್ಮ ಸ್ಟುಡಿಯೋದಲ್ಲಿ ಕೂತು ಕೈ ಬೀಸೋರಿಗೂ ಗೊತ್ತಿಲ್ಲ. ಇಷ್ಟು ದಿನದಲ್ಲಿ ಒಬ್ಬರಾದ್ರೂ ‘ಗೊತ್ತಿಲ್ಲ’ ಅಂದಿದಾರಾ?”

“ಗೊತ್ತಿಲ್ಲ ಅಂದ್ರೆ ಜನ ಪಕ್ಕದ ಚಾನೆಲ್ ಹಾಕ್ತಾರೆ.”

“ಹಾಕ್ಲಿ ಬಿಡು. ಅಲ್ಲಿಯವರಿಗೂ ಗೊತ್ತಿಲ್ಲ.”

ಅವಳಿಗೆ ನಗು ಬಂತು. ಬಂದದ್ದಕ್ಕೆ ನಾಚಿ ಮುಖ ಆಚೆ ತಿರುಗಿಸಿದಳು. ಗೇಟಿನ ಕಂಬಿಗೆ ಯಾರೋ ಹೂ ಕಟ್ಟಿ ಹೋಗಿದ್ದರು; ಬಾಡಿದ್ದವು. ಚಿತ್ರೀಕರಣಕ್ಕೆ ಅಡ್ಡವಾಗುತ್ತದೆಂದು ಕ್ಯಾಮೆರಾದವನು ಅವನ್ನು ಒಂದು ಬದಿಗೆ ಸರಿಸಿದ್ದ.

“ಕೆಂಪು ವೃತ್ತ ಹಾಕಿ ಅಂದಿದ್ದು ನಾನೇ,” ಎಂದಳು ಮೆಲ್ಲಗೆ. “ಅವಳು ಸಣ್ಣಗೆ ಕಾಣ್ತಾಳೆ, ನೋಡೋರಿಗೆ ಗೊತ್ತಾಗಲ್ಲ ಅಂತ. ಅಷ್ಟಕ್ಕೇ ಹಾಕಿಸಿದ್ದು. ಅದು ಎಲ್ಲಿಂದ ಎಲ್ಲಿಗೋ ಹೋಯ್ತು.”

“ಈಗ ಅಳಿಸು.”

“ನಾನು ಹೇಳಿದ್ರೆ ಕತ್ತರಿಸಿ ಬಿಸಾಡ್ತಾರೆ. ನೀವು ಹೇಳಿ. ನಿಮ್ಮ ಇಡೀ ಸರ್ವೀಸಲ್ಲಿ ಒಂದು ಸಲವೂ ಕ್ಯಾಮೆರಾ ಮುಂದೆ ಬಂದವರಲ್ಲ ನೀವು. ಬಂದ್ರಿ ಅಂದ್ರೆ ನೇರಪ್ರಸಾರದಲ್ಲಿ ಹಾಕ್ತಾರೆ, ಯಾರೂ ತಡೆಯಲ್ಲ. ಆದ್ರೆ ಸುತ್ತಿ ಬಳಸಿ ಹೇಳೋ ಹಾಗಿಲ್ಲ. ಅವಳು ತಪ್ಪಿತಸ್ಥೆ ಅಲ್ಲ ಅಂತ ಗಟ್ಟಿಯಾಗಿ ಹೇಳ್ತೀರಾ?”

ನಿಧಾನಪ್ಪನವರು ತಡೆದರು. ಅವರ ಪದ್ಧತಿಯಂತೆ ಇನ್ನೂ ಒಂದು ಕೆಲಸ ಬಾಕಿ ಇತ್ತು. ದೊಡ್ಡ ಬಾಗಿಲಿಗೆ ಚಿಲಕ ಹಾಕಿದವರು ಯಾರು? ಬಾಯ್ಲರ್‌ನವನೇ ಹಾಕಿ ಬಂದ ಎಂದು ಪೊಲೀಸರು ಬರೆದುಕೊಂಡಿದ್ದರು. ಇರಬಹುದು. ಕಣ್ಣಾರೆ ಕಂಡವರಿಲ್ಲ, ಅಂಗಳದಲ್ಲಿ ಕ್ಯಾಮೆರಾ ಇಲ್ಲ. ಅದೊಂದು ಕೈಗೆ ಸಿಗುವ ತನಕ ಬಾಯಿ ಬಿಡಬಾರದು.

ಆದರೆ ಹೊತ್ತು ಇಳಿಯುತ್ತಿತ್ತು. ಇನ್ಸ್‌ಪೆಕ್ಟರ್ ಜೀಪು ಹತ್ತುವ ಹೊತ್ತು.

“ಹೇಳ್ತೀನಿ,” ಎಂದರು.

ದೀಪದ ಬೆಳಕಿಗೆ ಕಣ್ಣು ಕಿರಿದಾಗಿಸಿಕೊಂಡು ಹೇಳಿದರು ಕೂಡ. ಗೆರೆಯ ಬಗ್ಗೆ ಹೇಳಿದರು. ಆ ಹುಡುಗಿ ನಿಂತದ್ದನ್ನು ಹೇಳಿದರು. ಕೊನೆಯಲ್ಲಿ, “ಬದುಕಿದ್ದೇ ತಪ್ಪು ಅಂತ ಒಬ್ಬಳನ್ನ ಹಿಡ್ಕೊಂಡಿದೀರಿ. ಈ ಒಂಬತ್ತು ಸಾವಿಗೂ ಅವಳಿಗೂ ಯಾವ ಸಂಬಂಧವೂ ಇಲ್ಲ. ಇದಕ್ಕೆ ನಾನು ಹೊಣೆ,” ಎಂದರು.

ಆಡಿದ ಮೇಲೆ, ಕೊನೆಯ ಆ ಎರಡು ಮಾತು ತಾವು ಕಂಡದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವಲ್ಲ ಎಂದು ಅವರಿಗೇ ಅನಿಸಿತು. ವ್ಯಾನಿನ ದೀಪ ಆರಿತ್ತು.

*

ಹೊಸಬಳ ಮನೆ ಎಂದರೆ ಮಹಡಿಯ ಮೇಲೆ ಎರಡು ಕೋಣೆ. ಒಡೆದ ಕಿಟಕಿಗೆ ರಟ್ಟು ಬಡಿದಿದ್ದರು. ನಿಧಾನಪ್ಪನವರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮುಸ್ಸಂಜೆ. ಟೀವಿಯಲ್ಲಿ ಅವರದೇ ಮುಖ ಎರಡನೇ ಸಲ ಓಡುತ್ತಿತ್ತು.

“ಟೀವೀಲಿ ನಿಮ್ಮ ಮೂಗು ಇನ್ನೂ ದೊಡ್ಡದು ಕಾಣುತ್ತೆ ಅಣ್ಣಾ,” ಎಂದಳು ಅತ್ತೆ.

ಫೋನು ಬಡಿಯಿತು. ಇನ್ಸ್‌ಪೆಕ್ಟರ್. “ಸಾರ್, ಮೇಲಿನವರು ಸದ್ಯಕ್ಕೆ ಬೇಡ ಅಂದ್ರು. ಇಷ್ಟು ಹೊತ್ತು ಒಳಗೆ ಹಾಕಿ ಅಂದಿದ್ದೂ ಅವರೇ. ನಾನು ಜೀಪಿಂದ ಇಳಿದೆ.”

“ಇಳಿದಿದ್ದು ಒಳ್ಳೇದಾಯ್ತು. ಮನೆಗೆ ಹೋಗಿ ಮಲಗು.”

ಅತ್ತೆಗೆ ಬೇರೆ ಹೇಳಬೇಕಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಚಹಾ ಇಡುತ್ತೇನೆಂದು ಅಡುಗೆ ಕೋಣೆಗೆ ಹೋದಳು. ಪಾತ್ರೆಯ ಸದ್ದು ಬರಲಿಲ್ಲ. ಬಿಕ್ಕುವ ಸದ್ದು ಬಂತು.

ಹೊಸಬಳು ಗೋಡೆಗೆ ಒರಗಿ ಕೂತಿದ್ದವಳು ಕೂತೇ ಇದ್ದಳು. ತನ್ನನ್ನು ಬಿಟ್ಟರು ಎಂಬ ಸುದ್ದಿ ಬೇರೆ ಯಾರದೋ ಎಂಬಂತೆ ಕೇಳಿದ್ದಳು. ಟೀವಿಯಲ್ಲಿ ಕೆಂಪು ವೃತ್ತವಿಲ್ಲದ ಚಿತ್ರ ಬಂತು. ವೃತ್ತವಿಲ್ಲದೆ ಅವಳು ನಿಜವಾಗಿಯೂ ಸಣ್ಣಗೆ ಕಾಣುತ್ತಿದ್ದಳು. ಅವಳು ಎದ್ದು ಅದನ್ನು ಆರಿಸಿದಳು.

“ನನಗೋಸ್ಕರ ಹೊಣೆ ಅಂದುಬಿಟ್ರಲ್ಲ ಸಾರ್. ಯಾಕೆ ಅಂದ್ರಿ?”

“ನಿಜ ಅಂತ ಅಂದೆ ಮಗಳೇ.”

“ಗೆರೆ ವಿಷಯ ನಿಜ. ನನಗೆ ಅದು ನೆನಪೇ ಆಗಲಿಲ್ಲ, ಓಡಿದೆ.” ಅವಳು ಕೈಯನ್ನು ಮಡಿಲಲ್ಲಿ ಮಗುಚಿ ಮಗುಚಿ ನೋಡಿಕೊಂಡಳು. “ಇಷ್ಟು ದಿನ ಎಲ್ಲರೂ ಅದನ್ನೇ ಕೇಳಿದ್ರು. ಪೊಲೀಸರು, ಟೀವಿಯವರು, ನೀವು. ಚಿಲಕದ ವಿಷಯ ನನ್ನನ್ನ ಯಾರೂ ಕೇಳಲಿಲ್ಲ.”

ನಿಧಾನಪ್ಪನವರ ಕೈ ಮಂಡಿಯ ಮೇಲೆ ನಿಂತಿತು.

“ಕೇಳ್ತೀನಿ, ಹೇಳು.”

“ಹಾಕ್ದವಳು ನಾನೇ ಸಾರ್.”

ಅಡುಗೆ ಕೋಣೆಯಲ್ಲಿ ಒಲೆ ಹೊತ್ತಿದ ಸದ್ದಾಯಿತು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

“ಖಾಲಿ ತಳ್ಳುಗಾಡಿ ಬಿಡೋಕೆ ಅಂಗಳಕ್ಕೆ ಹೋಗಿದ್ದೆ. ‘ಧೂಳು ಒಳಗೆ ಬರುತ್ತೆ. ಹೊರಗಿಂದ ಚಿಲಕ ಹಾಕಿ, ಬಾಯ್ಲರ್ ಮನೆ ಕಡೆಯಿಂದ ಸುತ್ತಿ ಬಾ’ ಅಂದ್ರು. ಹಾಕ್ದೆ. ಆ ಬಾಗಿಲಿಗೆ ಕೆಲಸದ ಹೊತ್ತಲ್ಲಿ ಯಾವತ್ತೂ ಚಿಲಕ ಹಾಕಲ್ಲ ಅಂತ ಹಳಬರಿಗೆಲ್ಲ ಗೊತ್ತು. ಹಳಬರಿಗೆ ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರು. ನಾನು ಹೊಸಬಳು. ಕೇಳಲಿಲ್ಲ. ಹೇಳಿದ್ದು ಮಾಡ್ದೆ.”

ಯಾವ ಅರಿಯದತನ ಅವಳನ್ನು ಉಳಿಸಿತೆಂದು ನಿಧಾನಪ್ಪನವರು ಊರಿಗೆಲ್ಲ ಸಾರಿ ಬಂದಿದ್ದರೋ, ಅದೇ ಅರಿಯದತನ ಒಂಬತ್ತು ಜನರ ದಾರಿ ಮುಚ್ಚಿತ್ತು. ಕಾನೂನಿನ ಕೈಗೆ ಈ ಮಾತು ಸಿಕ್ಕರೆ ಅವಳನ್ನು ಬಿಡಿಸುವವರು ಯಾರೂ ಇಲ್ಲ. ಹೊಣೆ ಎಂದವರು ಅವರು.

“ದಿನಾ ಕಣ್ಮುಚ್ಚಿದ್ರೆ ಚಿಲಕ ತಣ್ಣಗೆ ಕೈಗೆ ಹತ್ತುತ್ತೆ ಸಾರ್. ಅತ್ತೆಗೂ ಹೇಳಿಲ್ಲ. ಹೇಳಿದ್ರೆ ಕೊಂದಿದ್ದು ನಾನೇ ಅಂತ ಆಗಲ್ವಾ?”

“ಹಾಕು ಅಂದವರು ಯಾರು?”

“ದೊಡ್ಡಕ್ಕ.”

ಒಂದು ಗಳಿಗೆ ಅವರಿಗೆ ಉಸಿರಾಡುವಂತಾಯಿತು. ದೊಡ್ಡಕ್ಕ ಎಂದರೆ ಸರಿ. ಧೂಳಿಗೇ ಹೇಳಿರಬೇಕು. ಹೆತ್ತ ಮಗಳು ಆ ಬಾಗಿಲ ಒಳಗೇ ಇದ್ದಳಲ್ಲ! ಯಾವ ತಾಯಿ ಬೇಕೆಂದು ಹೇಳುತ್ತಾಳೆ?

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಯಾರೋ ಬಾಗಿಲು ತಟ್ಟಿದರು. ಮತ್ತೆ ಕಲ್ಲು ಹೊಡೆಯುವವರು ಬಂದರೆಂದು ಅತ್ತೆ ಸೌಟು ಹಿಡಿದೇ ಹೋಗಿ ತೆರೆದಳು.

ಹೊರಗೆ ದೊಡ್ಡಕ್ಕ ಒಬ್ಬಳೇ ನಿಂತಿದ್ದಳು. ಸ್ಟುಡಿಯೋದವರು ಹಚ್ಚಿದ ಪೌಡರು ಇನ್ನೂ ಮುಖದ ಮೇಲಿತ್ತು. ಅರ್ಧ ಹಚ್ಚಿಸಿಕೊಂಡವಳು ಎದ್ದು ಬಂದಿದ್ದಳು. ಶೆಡ್ಡನ್ನೆಲ್ಲ ನಡುಗಿಸುತ್ತಿದ್ದ ಹೆಂಗಸು ಇಷ್ಟು ಕುಳ್ಳಗಿದ್ದಾಳೆಂದು ನಿಧಾನಪ್ಪನವರಿಗೆ ಗೊತ್ತಿರಲಿಲ್ಲ.

“ನಿನ್ನ ಬಗ್ಗೆ ಏನೇನೋ ಅಂದುಬಿಟ್ಟೆ ಕಣಮ್ಮಾ,” ಎಂದಳು ಹೊಸಬಳಿಗೆ.

“ಅಂದಿದ್ದನ್ನ ಲೋಕ ಎಲ್ಲ ಕೇಳಿಸ್ಕೊಳ್ತು,” ಎಂದಳು ಅತ್ತೆ. “ಈಗ ನಮ್ಮ ನಾಲ್ಕು ಗೋಡೆ ಮುಂದೆ ಹೇಳೋಕೆ ಬಂದ್ಯಾ?”

“ಬಯ್ಯಿ. ಎಷ್ಟು ಬೇಕೋ ಅಷ್ಟು ಬಯ್ಯಿ.” ದೊಡ್ಡಕ್ಕ ಒಳಗೆ ಬಂದು ನೆಲಕ್ಕೆ ಕುಸಿದು ಕೂತಳು. ಆಮೇಲೆ ನಿಧಾನಪ್ಪನವರ ಕಡೆ ತಿರುಗಿದಳು. “ಯಜಮಾನ್ರೇ, ನನ್ನ ಮಗಳು ಗೆರೆ ಹತ್ರ ಬಂದು ನಿಂತ್ಲು ಅಂದ್ರಲ್ಲ ಟೀವೀಲಿ. ಅದನ್ನ ನಾನು ಪೂರ್ತಿ ನೋಡಿಲ್ಲ. ಆ ಚಿತ್ರಕ್ಕೆ ದನಿ ಇದೆಯಾ?”

“ಇಲ್ಲಮ್ಮ.”

“ನಾನು ಆಚೆ ಕಡೆ ಇದ್ದೆ. ಅವಳು ನನ್ನ ಮುಖ ನೋಡಿದ್ಲು. ನಾನು ಕೂಗಿದೆ. ‘ಬಾ’ ಅಂದ್ನೋ, ‘ಗೆರೆ’ ಅಂದ್ನೋ…” ಅವಳು ತನ್ನ ಗಂಟಲನ್ನು ಕೈಯಿಂದ ಹಿಡಿದುಕೊಂಡಳು. “ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ. ದನಿ ಇದ್ದಿದ್ರೆ ಗೊತ್ತಾಗ್ತಿತ್ತು.”

ಅತ್ತೆಯ ಕೈಯ ಸೌಟು ಕೆಳಗಿಳಿಯಿತು. ಬಯ್ಯಬೇಕೆಂದು ಕೂಡಿಟ್ಟುಕೊಂಡಿದ್ದವಳು ಒಂದು ಲೋಟ ನೀರು ತಂದು ಅವಳ ಮುಂದಿಟ್ಟಳು.

ದೊಡ್ಡಕ್ಕ ಅದನ್ನು ಮುಟ್ಟಲಿಲ್ಲ. ಹೊಸಬಳನ್ನೇ ನೋಡುತ್ತಿದ್ದಳು. ಹೊಸಬಳು ತಲೆ ತಗ್ಗಿಸಿದಳು.

“ಚಿಲಕದ ವಿಷಯ ಇವರಿಗೆ ಹೇಳ್ದೆಯಾ?”

ಹೊಸಬಳ ತುಟಿ ಅಲುಗಿತು. ನಿಧಾನಪ್ಪನವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

“ಹೇಳಿದಾಳೆ,” ಎಂದಳು ದೊಡ್ಡಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ಹೊತ್ತು ತಂದ ಮೂಟೆ ಇಳಿಸುವವರ ದಣಿವಿತ್ತು.

“ಧೂಳಿಗೆ ಹಾಕಿಸಿದ್ದು ಅಂತ ನೀವು ಅಂದ್ಕೊಂಡಿರ್ತೀರಿ ಯಜಮಾನ್ರೇ. ಮಗಳು ಒಳಗಿದ್ಲಲ್ಲ, ತಾಯಿ ಹಾಗೆ ಮಾಡ್ತಾಳಾ ಅಂತ. ಧೂಳಿಗಲ್ಲ.” ಅವಳು ನೆಲ ನೋಡುತ್ತ ಹೇಳಿದಳು. “ಅವಳು ಅಲ್ಲಿ ಇರಬೇಕಾದವಳೇ ಅಲ್ಲ. ಅವತ್ತು ಬೆಳಿಗ್ಗೆ ಅವಳ ಎರಡೂ ಕೈ ಹಿಡ್ಕೊಂಡು ಬೇಡ್ಕೊಂಡಿದ್ದೆ. ಏನಾದ್ರೂ ನೆಪ ಹೇಳು, ಇವತ್ತೊಂದು ದಿನ ಕೆಲಸಕ್ಕೆ ಬರಬೇಡ, ಮನೇಲೇ ಇರು ಅಂತ.”